ಕರುಳು ತೊಳೆಯುವ ಯಂತ್ರ

“ಅತ್ಲಾಗೆ ಸರ್ಕೊಂಡ್ ನಿಂತ್ಕೊಳ್ರೇ, ಲದ್ದಿ ಮುಂಡೇರಾ! ಎಂಜಿನಿಯರ್ ಸಾಹೇಬ್ರು ಬತ್ತಾವ್ರೆ. ನಿಮ್ ನಾತಕ್ಕೆ ಅವ್ರು ಇಲ್ಲೇ ಮಕಾಡೆ ಬಿದ್ರೆ ನಿಮ್ಮಪ್ಪಂದಿರು ಬಂದು ಎತ್ತಾರಾ?”

ಕಾಪಾರ್ ಕೂಗಿದ್ದು ಕರುಳುಕೋಣೆಯ ಬಾಗಿಲಲ್ಲಿ ನಿಂತು. ಕಸಾಯಿಖಾನೆ ಅವನದೇ ಆದರೂ ಈ ಕೋಣೆಯ ಹೊಸ್ತಿಲು ದಾಟಿ ಅವನು ಒಳಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲಲ್ಲೇ ನಿಂತು ಕೂಗುವುದು, ಕೂಗಿ ಮುಗಿದ ಮೇಲೆ ಹಿಮದಲ್ಲಿ ಬೂಟು ಉಜ್ಜಿಕೊಂಡು ಹೋಗುವುದು, ಇಷ್ಟೇ ಅವನ ಉಸ್ತುವಾರಿ.

ಉರ್ಕಿಯಾ ಸರಿಯಲಿಲ್ಲ. ಸರಿಯುವುದಕ್ಕೆ ಅವಳ ಕೈ ಬಿಡುವಾಗಿರಲಿಲ್ಲ. ಎಡಗೈಯಲ್ಲಿ ಕುದುರೆ ಕರುಳಿನ ಬಾಯಿ, ಬಲಗೈ ಮೊಣಕೈವರೆಗೂ ಅದರ ಒಳಗೆ. ಅಂಗಿಯ ತೋಳನ್ನು ಒಳಮಗ್ಗುಲು ಹೊರಗೆ ಮಾಡುವ ಹಾಗೆ ಅದನ್ನು ಮಗುಚಬೇಕು. ಮಗುಚುವಾಗ ಒಳಗೆ ಉಳಿದ ಲದ್ದಿ ಬೆಚ್ಚಗೆ ಅಂಗೈ ಮೇಲೆ ಜಾರಿ ಕಾಲ ಬಳಿಯ ಚರಂಡಿಗೆ ಬೀಳುತ್ತದೆ. ಚಳಿ ಹಿಡಿದು ಊರಿಗೂರೇ ಕುದುರೆ ಕಡಿಸುವ ದಿನಗಳವು. ಕೊಬ್ಬಿದ ಕುದುರೆಯ ಪಕ್ಕೆಮಾಂಸವನ್ನು ಕರುಳಿಗೆ ತುರುಕಿ ಕಜಿ ಮಾಡದ ಮನೆ ಆ ಸೀಮೆಯಲ್ಲೇ ಇಲ್ಲ. ಮದುವೆಗೆ ಕಜಿ, ನೆಂಟರಿಗೆ ಕಜಿ, ಸಾಹೇಬನ ಬಾಯಿ ಮುಚ್ಚಿಸುವುದಕ್ಕೂ ಕಜಿ. ಆ ಕರುಳನ್ನು ತೊಳೆದವಳು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರೆ ಮಾತ್ರ ಜನ ಎದ್ದು ಬೇರೆ ಸೀಟು ಹುಡುಕುತ್ತಾರೆ.

ಎಂಜಿನಿಯರ್ ಮದಿಯಾರ್ ಬಂದ. ದೊಡ್ಡ ನಗರ ಅಲ್ಮಾತಿಯ ವಿನ್ಯಾಸ ಕಂಪನಿಯವನು. ಕತ್ತಿನ ಮಫ್ಲರಿಗೆ ಅತ್ತರು ಸುರಿದುಕೊಂಡು ಅದನ್ನು ಮೂಗಿಗೆ ಒತ್ತಿಕೊಂಡೇ ಒಳಗೆ ಕಾಲಿಟ್ಟ. ಅವನ ಹಿಂದೆ ಇಬ್ಬರು ಫಿಟ್ಟರುಗಳು. ಲದ್ದಿಯ ವಾಸನೆ ಉರ್ಕಿಯಾಳಿಗೆ ಹೊಸದಲ್ಲ, ಅದು ಹುಲ್ಲು ತಿಂದ ಪ್ರಾಣಿಯ ವಾಸನೆ, ಅದರಲ್ಲಿ ಅಸಹ್ಯ ಪಡುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ. ಆ ಅತ್ತರಿನ ವಾಸನೆ ಬಡಿದದ್ದೇ ಅವಳು ಮುಖವನ್ನು ಕರುಳಿನ ಕಡೆ ತಿರುಗಿಸಿಕೊಂಡಳು.

“ಇವಳು ಸರಿಹೋಗ್ತಾಳೆ,” ಎಂದ ಮದಿಯಾರ್, ಮೂಲೆಯ ತೊಟ್ಟಿಯ ಹತ್ತಿರ ಬಗ್ಗಿದ್ದ ಜಾದಿರಾಳ ಕಡೆ ಬೆರಳು ತೋರಿಸಿ. “ಸಣ್ಣಗಿದ್ದಾಳೆ. ಡಬ್ಬಿಯಲ್ಲಿ ಆರಾಮಾಗಿ ಕೂರ್ತಾಳೆ.”

ಜಾದಿರಾ ಉರ್ಕಿಯಾಳ ಪಕ್ಕದ ಮನೆಯ ಸೊಸೆ. ಉರ್ಕಿಯಾಳೇ ಕರೆತಂದು ಕೆಲಸಕ್ಕೆ ಸೇರಿಸಿದ್ದಳು. ಹೋದ ಚಳಿಗಾಲ ಇದೇ ಕೋಣೆಯಲ್ಲಿ ಅವಳಿಗೆ ದನದ ಜ್ವರ ಹತ್ತಿತ್ತು. ಹಸಿ ಕರುಳು, ಹಸಿ ರಕ್ತ ಮುಟ್ಟುವವರಿಗೆ ಹತ್ತುವ ಜ್ವರ ಅದು. ಕೀಲು ಕೀಲು ಹಿಡಿದು ಬೆವರು ಕಿತ್ತು ಬಂದು, ಕೊನೆಗೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಕಾಪಾರ್ ಅವತ್ತಿನ ಕೂಲಿಯನ್ನೂ ಕೊಡಲಿಲ್ಲ, ಮಧ್ಯಾಹ್ನವೇ ಎದ್ದು ಹೋದಳಲ್ಲ ಎಂದ. ಈಗ ಮತ್ತೆ ಅವಳು ಬಸಿರಿ. ಉರ್ಕಿಯಾಳ ಹೊರತು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಕಾಪಾರ್ ಅವತ್ತೇ ಗೇಟಿನ ಹೊರಗೆ ಬಿಡುತ್ತಾನೆ.

“ಯಾವ್ ಡಬ್ಬಿ?” ಎಂದಳು ಉರ್ಕಿಯಾ.

“ಯಂತ್ರದ ಡಬ್ಬಿ, ಅಪಾ,” ಎಂದ ಮದಿಯಾರ್. ತನಗಿಂತ ಹಿರಿಯ ಹೆಂಗಸನ್ನು ಅಕ್ಕ ಎನ್ನುವ ಹಾಗೆ ಆ ಸೀಮೆಯಲ್ಲಿ ಅಪಾ ಎನ್ನುತ್ತಾರೆ.

ಯಂತ್ರ ಎಂದರೆ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಚಳಿಗಾಲದ ಉದ್ದಕ್ಕೂ ಈ ಮದಿಯಾರನ ಜನ ಬಂದು ಹೆಂಗಸರ ಮಣಿಕಟ್ಟಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಹೋಗುತ್ತಿದ್ದರು. ನಿಮ್ಮ ಕೈನೋವಿಗೆ ಪರಿಹಾರ ಕಂಡುಹಿಡೀತಾ ಇದೀವಿ ಎಂದಿದ್ದರು. ಹೆಂಗಸರು ನಂಬಿದರು. ಉಪ್ಪುನೀರು, ಮಂಜಿನಂಥ ನೀರು, ಇವೆರಡರಲ್ಲೇ ಕೈಯಾಡಿಸಿ ಚರ್ಮ ಬಿರಿದವರಿಗೆ ಪರಿಹಾರ ಎಂಬ ಮಾತೇ ಸಾಕಲ್ಲ. ಆಮೇಲೆ ಅವರ ಕೈಯಾಟವನ್ನೇ ನಕಲು ಮಾಡುವ, ರಬ್ಬರಿನ ಬೆರಳುಗಳಿರುವ ಉಕ್ಕಿನ ಯಂತ್ರವೊಂದು ಲಾರಿಯಲ್ಲಿ ಬಂತು. ಅದಕ್ಕೆ ಪೇಟೆಂಟು ಸಿಕ್ಕಿದೆ, ಇನ್ನು ಈ ದೇಶದಲ್ಲಿ ಬೇರೆ ಯಾರೂ ಇಂಥದ್ದನ್ನು ಮಾಡುವ ಹಾಗಿಲ್ಲ ಎಂದು ಮದಿಯಾರ್ ಸಿಹಿ ಹಂಚಿದ. ಅವನ ಕಂಪನಿಗೆ ಇಂಥ ಪೇಟೆಂಟು ಬೇಕಾದಷ್ಟಿದ್ದವು. ಚಹಾ ಚೆಲ್ಲದ ಕೆಟಲ್ ಮುಚ್ಚಳ, ಉಣ್ಣೆ ಹಾಸನ್ನು ತುಳಿದು ಗಟ್ಟಿ ಮಾಡುವ ಉರುಳೆ, ತೊಟ್ಟಿಲಿನಲ್ಲಿ ಕಟ್ಟಿ ಮಲಗಿಸಿದ ಮಗುವಿನ ಉಚ್ಚೆ ಹಾಯಿಸುವ ಕೊಳವೆ, ಹೀಗೆ.

“ಉಚ್ಚೆ ಕೊಳವೇನಾ?” ಎಂದು ಅವತ್ತು ಉರ್ಕಿಯಾ ಕೇಳಿದ್ದಳು. “ನಮ್ಮಜ್ಜಿ ಕುರಿ ಮೂಳೇಲಿ ಕೊರ್ದು ಕೊಡ್ತಿದ್ಲಲ್ಲಪ್ಪ ಅದನ್ನ. ನೀನೂ ಅದ್ರಲ್ಲೇ ಉಯ್ದು ದೊಡ್ಡವನಾದೋನು. ನಿಮ್ದೇನು ಹೊಸ್ದು?”

“ನಮ್ಮದು ಪ್ಲಾಸ್ಟಿಕ್, ಅಪಾ,” ಎಂದಿದ್ದ ಅವನು, ಸ್ವಲ್ಪವೂ ನಾಚದೆ.

ಕರುಳಿನ ಯಂತ್ರವೂ ಅದೇ ಜಾತಿಯದು. ಅದರ ರಬ್ಬರು ಬೆರಳು ಒಂದೋ ಕರುಳನ್ನು ಹರಿದು ಚಿಂದಿ ಮಾಡುತ್ತಿತ್ತು, ಇಲ್ಲವೋ ಲದ್ದಿಯನ್ನು ಮಡಿಕೆಗಳಲ್ಲಿ ಹಾಗೇ ಬಿಟ್ಟು ಮೇಲೆ ಪಳಪಳ ಹೊಳೆಯಿಸಿ ಹೊರಗೆ ಹಾಕುತ್ತಿತ್ತು. ಕಾಪಾರ್ ಅದರಿಂದ ಬಂದ ಕರುಳನ್ನು ನಾಯಿಗೆ ಹಾಕಿದ. ನಾಯಿ ಮೂಸಿ ನೋಡಿ ಎದ್ದು ಹೋಯಿತು.

“ನಾಳೆ ರಾಜಧಾನಿಯಿಂದ ಖರೀದಿ ಮಾಡೋರು ಬರ್ತಿದಾರೆ,” ಎಂದ ಮದಿಯಾರ್ ಮಫ್ಲರಿನ ಒಳಗಿನಿಂದಲೇ. “ದೊಡ್ಡ ಮಾಂಸದ ಕಂಪನಿ. ಟೀವಿಯವರೂ ಬರ್ತಾರೆ. ಬೆರಳಿನ ಭಾಗ ಬಿಚ್ಚಿ ತೆಗೆದಿದೀವಿ. ಆ ಜಾಗದಲ್ಲಿ ಒಬ್ಬರು ಕೂರಬೇಕು. ಈ ಕಡೆ ಕಿಂಡಿಯಿಂದ ಕರುಳು ಒಳಗೆ ಬರುತ್ತೆ, ತೊಳೆದು ಆ ಕಡೆ ಉರುಳೆಗೆ ಕೊಟ್ಟರಾಯ್ತು. ಹೊರಗಿನವರಿಗೆ ಏನೂ ಕಾಣಲ್ಲ.”

“ಅಂದ್ರೆ ನಿಮ್ ಯಂತ್ರ ತೊಳ್ಯಲ್ಲ.”

“ತೊಳೆಯುತ್ತೆ ಅಪಾ. ಸದ್ಯಕ್ಕೆ ತೊಳೆಯಲ್ಲ.”

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಕಾಪಾರ್ ಬಾಗಿಲಿಂದ ಗುಡುಗಿದ: “ನಗ್ರೇ ನಗ್ರೇ! ಯಂತ್ರ ಮಾರಾಟವಾದ್ರೆ ನಂಗೂ ಒಂದು ಬಿಟ್ಟಿ ಕೊಡ್ತಾರೆ. ಆಮೇಲೆ ಈ ಕೋಣೇಲಿ ಗುಂಡಿ ಒತ್ತೋಕೆ ನಮ್ಮಕ್ಕನ ಮಗ ಒಬ್ಬ ಸಾಕು. ಆಗ ಎಲ್ಲಿ ಕೂತು ನಗ್ತೀರೋ ನೋಡಾಣ.”

ನಗು ನಿಂತಿತು. ಜಾದಿರಾ ಕೈಯಲ್ಲಿದ್ದ ಕರುಳನ್ನು ತೊಟ್ಟಿಗೆ ಬಿಟ್ಟು ಉರ್ಕಿಯಾಳ ಮುಖ ನೋಡಿದಳು. ಅವಳ ತುಟಿ ಬೆಳ್ಳಗಾಗಿತ್ತು. ಗಾಳಿಯಾಡದ ಆ ಡಬ್ಬಿಯಲ್ಲಿ, ಬಿಸಿ ಹಬೆಯಲ್ಲಿ, ಹಸಿ ಹೊಲಸಿನ ನಡುವೆ ಅವಳು ಕೂತರೆ ಈ ಕೂಸೂ ಉಳಿಯುವುದಿಲ್ಲ ಎಂಬುದು ಉರ್ಕಿಯಾಳಿಗೆ ಹೇಳಿಸಿಕೊಂಡು ತಿಳಿಯಬೇಕಾದ ವಿಷಯವಾಗಿರಲಿಲ್ಲ.

“ಅವ್ಳು ಬ್ಯಾಡ. ನಾನು ಕೂರ್ತೀನಿ,” ಎಂದಳು.

“ನೀನಾ?” ಕಾಪಾರ್ ಹೊಟ್ಟೆ ಕುಣಿಸಿ ನಕ್ಕ. “ನಿನ್ ಕುಂಡಿ ತೂರ್ತದೇನೇ ಅದ್ರಲ್ಲಿ? ಯಂತ್ರಕ್ಕೆ ಹೆರಿಗೆ ಆದಂಗೆ ಆಯ್ತದೆ!”

“ತೂರ್ದೇ ಇದ್ರೆ ಅಗಲ ಮಾಡ್ಸಿ. ಅವ್ಳು ಕೂರಲ್ಲ.”

“ಕೂರಲ್ಲ ಅಂದ್ರೆ ಇಬ್ರೂ ಈಗ್ಲೇ ಏಪ್ರನ್ ಬಿಚ್ಚಾಕಿ ನಡೀರಿ.”

ಮದಿಯಾರನಿಗೆ ಜಗಳ ಬೇಕಿರಲಿಲ್ಲ. ಅವನು ಫಿಟ್ಟರನಿಗೆ ಕಣ್ಣಲ್ಲೇ ಹೇಳಿದ. ಫಿಟ್ಟರು ಜೇಬಿನಿಂದ ಉಕ್ಕಿನ ಟೇಪು ತೆಗೆದು ಉರ್ಕಿಯಾಳ ಹತ್ತಿರ ಬಂದ. ಮೊದಲು ಭುಜ. ಆಮೇಲೆ ಎದೆ. ಆಮೇಲೆ ಸೊಂಟಕ್ಕೆ ಸುತ್ತಿ ಬಿಗಿಯಾಗಿ ಎಳೆದ. ತಣ್ಣಗಿನ ಟೇಪು ಅಂಗಿ ದಾಟಿ ಚರ್ಮಕ್ಕೆ ತಾಗಿತು. ಕಸಾಯಿಯವರು ಕೊಳ್ಳುವ ಮುಂಚೆ ಎತ್ತಿನ ಎದೆ ಅಳೆಯುವುದನ್ನು ಅವಳು ಬೇಕಾದಷ್ಟು ಸಲ ನೋಡಿದ್ದಳು. ಎತ್ತು ಕೂಡ ಅಷ್ಟು ಸುಮ್ಮನೆ ನಿಂತಿರುವುದಿಲ್ಲ.

“ಕೂತಾಗ ಇನ್ನೂ ಅಗಲ ಆಗುತ್ತೆ ಸರ್,” ಎಂದ ಫಿಟ್ಟರು, “ಕೂತ್ಕೊಳೋಕೆ ಹೇಳಿ.”

“ಕೂತ್ಕೊಳಿ ಅಪಾ,” ಎಂದ ಮದಿಯಾರ್.

ಉರ್ಕಿಯಾ ಒದ್ದೆ ನೆಲದ ಮೇಲೆ, ಲದ್ದಿಯ ಮೇಲೆ, ಕುಕ್ಕರಗಾಲಲ್ಲಿ ಕೂತಳು. ಫಿಟ್ಟರು ಅವಳ ಹಿಂದೆ ಬಗ್ಗಿ ಈ ಪಕ್ಕದಿಂದ ಆ ಪಕ್ಕಕ್ಕೆ ಟೇಪು ಹಿಡಿದು ಅಳತೆ ಕೂಗಿ ಹೇಳಿದ. ಇನ್ನೊಬ್ಬ ಫಿಟ್ಟರು ಸಿಳ್ಳೆ ಹಾಕಿದ. ಕಾಪಾರ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಉರ್ಕಿಯಾ ಗೋಡೆ ನೋಡುತ್ತಾ ಕೂತಿದ್ದಳು. ಗಂಡ ಸತ್ತ ಮೇಲೆ ಒಬ್ಬ ಗಂಡಸಿನ ಕೈ ಸೊಂಟಕ್ಕೆ ಸೋಕಿದ್ದು ಅದೇ ಮೊದಲು, ಥೂ, ಅದೂ ಹೀಗೆ ಎಂದುಕೊಂಡಳು.

ಅವತ್ತು ಸಂಜೆಯವರೆಗೂ ಆ ಯಂತ್ರದ ತಗಡು ಕೊಯ್ದು ಅಗಲ ಮಾಡುವ ಕಿರಿಕಿರಿ ಸದ್ದು ಅಂಗಳದ ತುಂಬ ಕೇಳುತ್ತಲೇ ಇತ್ತು.

*

ಮಾರನೆಯ ದಿನ ಯಂತ್ರಕ್ಕೆ ಬಿಳಿ ಬಣ್ಣ ಬಳಿದು ನೀಲಿ ಪಟ್ಟಿ ಎಳೆದಿದ್ದರು. ಹೊಸ ಶೆಡ್ಡಿನ ಒಂದು ಬದಿಗೆ ಯಂತ್ರ, ಇನ್ನೊಂದು ಬದಿಗೆ ಮರದ ಜಗಲಿ ಹಾಕಿ, ಮೇಲೆ ಕಂಬಳಿ, ಕೌದಿ ಹಾಸಿ, ಊಟದ ಗಿಡ್ಡ ಮೇಜು ಇಟ್ಟಿದ್ದರು. ಉರ್ಕಿಯಾ ಹಿಂದಿನ ದಿನ ತೊಳೆದ ಕರುಳಿನಲ್ಲಿ ಮಾಡಿದ ಕಜಿಯನ್ನು ಅಲ್ಲೇ ಬೇಯಿಸಿ ಅಲ್ಲೇ ಬಡಿಸಬೇಕು, ಯಂತ್ರ ನೋಡುತ್ತಲೇ ತಿನ್ನಬೇಕು ಎಂಬುದು ಕಾಪಾರನ ಉಪಾಯ. ತಿಂದವನು ಸಹಿ ಹಾಕದೆ ಹೋಗುವುದಿಲ್ಲ ಎಂದು ಅವನ ಲೆಕ್ಕ.

ಚಹಾ ಬಡಿಸುವುದಕ್ಕೆ ಜಾದಿರಾಳನ್ನು ನಿಲ್ಲಿಸಿದರು. ಮುಖ ಚೆನ್ನಾಗಿದೆ ಎಂದು. ಅವಳಿಗೆ ಯಾರದೋ ಮಖಮಲ್ಲಿನ ಜರಿ ಕೋಟು ತೊಡಿಸಿ, ಕತ್ತಿನಿಂದ ಕಾಲವರೆಗೂ ಸೆಂಟು ಹೊಡೆದರು. “ಯಾರ ಹತ್ರಾನೂ ತುಟಿ ಬಿಚ್ಚಬೇಡ,” ಎಂದ ಕಾಪಾರ್, “ಕೈ ಕೋಟಿನ ತೋಳೊಳಗೇ ಇರ್ಲಿ. ಬಿರ್ಕು ಬಿಟ್ ಕೈ ನೋಡುದ್ರೆ ಚಹಾ ಯಾವನು ಕುಡೀತಾನೆ?”

ಉರ್ಕಿಯಾಳನ್ನು ಅತಿಥಿಗಳು ಬರುವ ಮುಂಚೆಯೇ ಒಳಗೆ ತೂರಿಸಿದರು. ಮಂಡಿ ಎದೆಗೆ ತಾಗುವಷ್ಟು ಜಾಗ. ತಲೆಯ ಮೇಲೆ ಬಿಸಿನೀರಿನ ಕೊಳಾಯಿ, ಕಿವಿಯ ಹತ್ತಿರ ಸಣ್ಣ ಫ್ಯಾನು, ಕಾಲ ಕೆಳಗೆ ಹೊಲಸು ಹೋಗುವ ಕೊಳವೆಯ ಬಾಯಿ. ಬಾಗಿಲು ತಾನಾಗಿ ತೆರೆದುಕೊಂಡೀತೆಂದು ಕಾಪಾರ್ ಹೊರಗಿನಿಂದ ಚಿಲಕ ಹಾಕಿದ. ಚಿಲಕ ಬಿದ್ದ ಸದ್ದು ಕೇಳಿದಾಗ ಉರ್ಕಿಯಾ ಬಾಗಿಲನ್ನು ಒಳಗಿನಿಂದ ಒಮ್ಮೆ ತಳ್ಳಿ ನೋಡಿದಳು. ಜಾದಿರಾ ಇಲ್ಲಿಲ್ಲವಲ್ಲ, ಅಷ್ಟು ಸಾಕು ಎಂದು ಸಮಾಧಾನ ತಂದುಕೊಂಡಳು.

ಕಾರುಗಳ ಸದ್ದು. ಬೂಟುಗಳ ಸದ್ದು. ಆಮೇಲೆ ಮದಿಯಾರನ ಭಾಷಣ. ತಗಡಿನ ಒಳಗಿದ್ದವಳಿಗೆ ಮಾತು ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

“ಇಲ್ಲಿಯವರೆಗೆ ಈ ಕೆಲಸವನ್ನ ಹೆಂಗಸರು ಕೈಯಲ್ಲಿ ಮಾಡ್ತಿದ್ರು,” ಎಂದ ಮದಿಯಾರ್. “ಎಷ್ಟು ಅಸಹ್ಯ ಅಂತ ನೀವೇ ಯೋಚನೆ ಮಾಡಿ. ಉಗುರು, ಬೆವರು, ಕೂದಲು. ನಮ್ಮ ಯಂತ್ರದಲ್ಲಿ ಮನುಷ್ಯನ ಕೈ ಎಲ್ಲೂ ತಾಗಲ್ಲ. ಶುರುವಿನಿಂದ ಕೊನೆಯವರೆಗೂ ಕೈ ತಾಗಲ್ಲ. ನಮ್ಮ ಪೇಟೆಂಟಿನ ಜೀವಾಳವೇ ಅದು.”

ಚಪ್ಪಾಳೆ ಬಿತ್ತು. ಮೋಟರು ಗೊರಗುಟ್ಟಿತು. ಕಿಂಡಿಯಿಂದ ಮೊದಲ ಕರುಳು ಲದ್ದಿ ತುಂಬಿಕೊಂಡು ಉರ್ಕಿಯಾಳ ಮಡಿಲಿಗೆ ಬಿತ್ತು.

ಅವಳು ಮಗುಚಿದಳು, ಹೆರೆದಳು, ತೊಳೆದಳು, ಉರುಳೆಗೆ ಕೊಟ್ಟಳು. ಹೊರಗೆ ಹೋ ಎಂದರು. ಇನ್ನೊಂದು ಬಿತ್ತು. ಮತ್ತೊಂದು. ಕೋಣೆಯಲ್ಲಾದರೆ ಮಧ್ಯೆ ಬೆನ್ನು ನೆಟ್ಟಗೆ ಮಾಡಬಹುದು, ಮಾತಾಡಬಹುದು, ಯಾರ ಗಂಡನಿಗಾದರೂ ಬಯ್ಯಬಹುದು. ಇಲ್ಲಿ ತಲೆ ಎತ್ತಿದರೆ ಕೊಳಾಯಿ ತಾಗುತ್ತಿತ್ತು.

“ಇದಕ್ಕಿಂತ ಜೋರಾಗಿ ಓಡುತ್ತಾ?” ಎಂದು ಹೊರಗೆ ಯಾರೋ ಕೇಳಿದರು. ಖರೀದಿಗೆ ಬಂದವನಿರಬೇಕು, ದನಿಯಲ್ಲೇ ದುಡ್ಡಿನ ಗತ್ತು ಇತ್ತು.

“ಎಷ್ಟು ಬೇಕಾದರೂ!” ಎಂದ ಮದಿಯಾರ್.

ಅವನು ತಿರುಗಿಸಿದ್ದು ಯಾವ ಗುಂಡಿಯನ್ನೋ. ಕರುಳುಗಳು ಒಂದರ ಮೇಲೊಂದು ಬೀಳತೊಡಗಿದವು. ಕೊಳಾಯಿಯ ನೀರು ಬೆಚ್ಚಗಿದ್ದದ್ದು ಸುಡುವಷ್ಟಾಯಿತು. ಕೈಯ ಬಿರುಕುಗಳಿಗೆ ಆ ನೀರು ಇಳಿದಾಗ ಉರ್ಕಿಯಾ ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಕಾಲ ಕೆಳಗಿನ ಕೊಳವೆ ಕಟ್ಟಿಕೊಂಡಿತು. ಹೊಲಸು ಮೇಲೇರಿತು. ಮೊದಲು ಹರಡು ಮುಳುಗಿತು, ಆಮೇಲೆ ಕೂತ ಕುಂಡಿ, ಆಮೇಲೆ ಸೊಂಟ. ಲದ್ದಿ, ರಕ್ತ, ಕೊಬ್ಬಿನ ತುಣುಕು, ಎಲ್ಲ ಕಲಸಿ ಹೊಟ್ಟೆಯ ಸುತ್ತ ಬೆಚ್ಚಗೆ ಅಲುಗಾಡುತ್ತಿತ್ತು.

ಅವಳು ಮೊಣಕೈಯಿಂದ ತಗಡು ಬಡಿದಳು. ತೊಂದರೆಯಾದರೆ ಬಡಿಯಬೇಕೆಂದು ಮದಿಯಾರನೇ ಹೇಳಿದ್ದ.

“ಅದೇನು ಸದ್ದು?” ಎಂದಿತು ದುಡ್ಡಿನ ದನಿ.

“ಪಂಪು ಸರ್,” ಎಂದ ಮದಿಯಾರ್.

ಹೊರಗಿನಿಂದ ಕಾಪಾರ್ ಬಂದು ತಗಡಿಗೆ ಬೂಟುಗಾಲಲ್ಲಿ ಒದ್ದ. ಅವಳ ಪಕ್ಕೆಗೆ ಸರಿಯಾಗಿ ತಾಗಿತು. “ಹಳೇ ಪಂಪು,” ಎಂದ ಅವನು ಅತಿಥಿಗಳಿಗೆ, “ಒಂದೆರ್ಡು ಒದ್ರೆ ದಾರಿಗೆ ಬತ್ತದೆ.” ಎಲ್ಲರೂ ನಕ್ಕರು. ಉರ್ಕಿಯಾ ಬಾಯಲ್ಲಿದ್ದ ಬಟ್ಟೆಯನ್ನು ಉಗುಳಿ, ಅವನ ಅಮ್ಮನನ್ನೂ ಅವನ ಪಂಪನ್ನೂ ಸೇರಿಸಿ ಬೈದಳು. ಮೋಟರಿನ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ.

ಕೊನೆಗೆ ಕರುಳು ಬೀಳುವುದು ನಿಂತಿತು. ಮುಗಿಯಿತು, ಈಗ ಇವರನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ, ಬಾಗಿಲು ತೆಗೆಯುತ್ತಾರೆ ಎಂದು ಅವಳು ಅಂದುಕೊಂಡಳು. ಬದಲಿಗೆ ಕಾಪಾರನ ಬೆಲ್ಲದ ದನಿ ಕೇಳಿತು. “ಕೂತ್ಕೊಳಿ, ಕೂತ್ಕೊಳಿ. ಕಜಿ ಬೆಂದೈತೆ. ಯಂತ್ರ ಆರ್ಸಪ್ಪ ಮದಿಯಾರ್, ಈ ಗಲಾಟೇಲಿ ಊಟ ಹೆಂಗೆ ಸೇರ್ತದೆ?”

ಮೋಟರು ನಿಂತಿತು. ಅದರ ಜೊತೆಗೆ ಕಿವಿಯ ಹತ್ತಿರದ ಫ್ಯಾನೂ ನಿಂತಿತು.

ಮೊದಲು ಅವಳಿಗೆ ನೆಮ್ಮದಿಯೇ ಆಯಿತು, ಸದ್ದು ನಿಂತಿತಲ್ಲ ಎಂದು. ಒಂದಷ್ಟು ಉಸಿರು ತೆಗೆದ ಮೇಲೆ ತಿಳಿಯಿತು. ಗಾಳಿ ಇಲ್ಲ. ಇದ್ದದ್ದು ಹಬೆ, ಮತ್ತು ಸೊಂಟದವರೆಗೆ ನಿಂತ ಹೊಲಸಿನಿಂದ ಏಳುವ, ಕಣ್ಣು ಉರಿಸುವ ನಾತ. ಆ ನಾತ ಅವಳ ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತಡೆಯದಾಯಿತು. ಅವಳು ಕರುಳು ಬರುತ್ತಿದ್ದ ಕಿಂಡಿಗೆ ಬಾಯಿ ಒಡ್ಡಲು ನೋಡಿದಳು, ಕತ್ತು ಅಲ್ಲಿಗೆ ತಿರುಗಲಿಲ್ಲ. ಬಡಿಯಲು ಮೊಣಕೈ ಎತ್ತಿದಳು, ಅದರಲ್ಲಿ ಶಕ್ತಿ ಇರಲಿಲ್ಲ.

ಹೊರಗೆ ತಟ್ಟೆಗಳ ಸದ್ದು. ಅಗಲವಾದ ಹರಿವಾಣ ಮೇಜಿನ ಮೇಲೆ ಇಟ್ಟ ಸದ್ದು. ಊರಿನ ಹಿರಿಯ ಬಿಳಿಗಡ್ಡದ ತಾತನನ್ನು ಯಂತ್ರ ಹರಸುವುದಕ್ಕೆಂದು ಕರೆತಂದಿದ್ದರು. ಅವನ ನಡುಗುವ ದನಿ ಕೇಳಿತು.

“ಈ ಯಂತ್ರದ ಕೈ ಸೋಲ್ದೇ ಇರ್ಲಿ. ಇದನ್ ಕಟ್ಟಿದ ಮಕ್ಳ ಮನೆ ತುಂಬ್ಲಿ. ನಮ್ ಹೆಣ್ಮಕ್ಳು ಇನ್ನು ಹೊಲಸು ಮುಟ್ದಂಗಾಗ್ಲಿ.”

“ಹಂಗೇ ಆಗ್ಲಿ,” ಎಂದರು ಎಲ್ಲರೂ, ಬಾಯಲ್ಲಿ ನೀರೂರಿಸಿಕೊಂಡು.

ಆಮೇಲೆ ಜಾದಿರಾಳ ದನಿ, ಯಂತ್ರಕ್ಕೆ ತೀರ ಹತ್ತಿರದಲ್ಲಿ, ಪಿಸುಗುಟ್ಟಿದಂತೆ. “ಸರ್, ಫ್ಯಾನ್ ನಿಂತೈತೆ. ಅಪಾ ಒಳಗವ್ಳೆ.”

“ಗೊತ್ತು. ಊಟ ಮುಗೀಲಿ.” ಮದಿಯಾರ್ ಹಲ್ಲು ಕಚ್ಚಿ ಆಡಿದ ಮಾತು.

“ಉಸ್ರು ಕಟ್ತದೆ ಸರ್.”

“ಹೋಗಿ ಚಹಾ ಹಾಕು. ಟೀವಿಯವರು ನೋಡ್ತಿದಾರೆ. ಮುಖ ಸರಿ ಮಾಡ್ಕೊ.”

ಉರ್ಕಿಯಾ ಕಣ್ಣು ಮುಚ್ಚಿದಳು. ಹೆಜ್ಜೆ ದೂರ ಹೋದದ್ದು ಕೇಳಿಸಿತು. ಸರಿ, ಹುಡುಗಿ, ಹೋಗು, ನಿನ್ನ ಕೂಸು ನೋಡಿಕೋ ಎಂದು ಮನಸ್ಸಿನಲ್ಲೇ ಅಂದಳು. ಅಂದದ್ದು ನಿಜವಾದರೂ ಒಳಗಿನಿಂದ ರೋಷ ಉಕ್ಕಿ ಬಂತು. ಇಷ್ಟು ಜನ ಕೂತು ಚಪ್ಪರಿಸುತ್ತಿರುವಾಗ, ಅವರಿಂದ ಒಂದು ತಗಡಿನ ಆಚೆ, ಲದ್ದಿಯಲ್ಲಿ ಮುಳುಗಿ ಸಾಯುವುದೆಂದರೆ ಏನರ್ಥ? ನಾಳೆ ಹೆಣ ತೆಗೆಯುವಾಗಲೂ ಈ ಬೋಳಿಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ.

ಹೆಜ್ಜೆ ವಾಪಸು ಬಂತು. ಕೆಟಲ್ಲನ್ನು ಕುಕ್ಕಿ ನೆಲಕ್ಕಿಟ್ಟ ಸದ್ದು. ಚಿಲಕ ಸರಿಯಿತು.

*

ಬಾಗಿಲು ತೆರೆದದ್ದೇ ತಡ, ಒಳಗಿದ್ದ ಹೊಲಸು ಭಸಕ್ಕನೆ ಹೊಸ ಸಿಮೆಂಟು ನೆಲದ ಮೇಲೆ ಹರಿಯಿತು. ಅದರ ಹಿಂದೆ ಉರ್ಕಿಯಾ ನಾಲ್ಕು ಕಾಲಿನಲ್ಲಿ ಹೊರಗೆ ಬಂದಳು. ನೆಲಕ್ಕೆ ಮುಖ ಕೊಟ್ಟು ಕೆಮ್ಮಿದಳು, ಗಾಳಿ ಎಳೆದುಕೊಂಡಳು, ಮತ್ತೆ ಕೆಮ್ಮಿದಳು. ಜಾದಿರಾ ಮಖಮಲ್ಲಿನ ಕೋಟಿನಲ್ಲೇ ಅವಳನ್ನು ತಬ್ಬಿ ಎಬ್ಬಿಸಿ ನಿಲ್ಲಿಸಿದಳು. ಎದೆಯಿಂದ ಕೆಳಗೆ ಉರ್ಕಿಯಾಳ ಬಟ್ಟೆ ಯಾವ ಬಣ್ಣದ್ದೆಂದು ತಿಳಿಯುತ್ತಿರಲಿಲ್ಲ.

ಜಗಲಿಯ ಮೇಲೆ ಊಟಕ್ಕೆ ಕೂತವರ ಕೈಗಳು ಬಾಯಿಯ ದಾರಿಯಲ್ಲೇ ನಿಂತವು. ಟೀವಿಯವನು ಕ್ಯಾಮೆರಾ ಎತ್ತುವುದೋ ಬಿಡುವುದೋ ತಿಳಿಯದೆ ಕಾಪಾರನ ಮುಖ ನೋಡಿದ.

“ಅದು... ರಿಪೇರಿ,” ಎಂದ ಮದಿಯಾರ್. “ನಮ್ಮ ರಿಪೇರಿ ಸಿಬ್ಬಂದಿ. ಪಂಪು ನೋಡೋಕೆ ಹೋಗಿದ್ರು.”

“ಕಸ ಗುಡ್ಸೋ ಹೆಂಗ್ಸು,” ಎಂದ ಕಾಪಾರ್ ಅದೇ ಹೊತ್ತಿಗೆ. “ಹುಚ್ಚಿ. ಎಲ್ಲೆಲ್ಲೋ ತೂರ್ಕೋತಾಳೆ. ಎಳ್ಕೊಂಡೋಗ್ರೋ ಯಾರಾದ್ರೂ!”

ಎಳೆದುಕೊಂಡು ಹೋಗಲು ಯಾರಿಗೂ ಅವಳನ್ನು ಮುಟ್ಟುವ ಮನಸ್ಸಿರಲಿಲ್ಲ. ಫಿಟ್ಟರುಗಳು ಒಬ್ಬರ ಹಿಂದೆ ಒಬ್ಬರು ಸರಿದರು.

ಉರ್ಕಿಯಾ ಆ ಮೇಜಿನ ಕಡೆ ನಡೆದಳು. ಯಾಕೆ ನಡೆದಳೆಂದು ಅವಳಿಗೇ ಆಗ ಗೊತ್ತಿರಲಿಲ್ಲ. ಶೆಡ್ಡಿನ ಬಾಗಿಲು ಅದೇ ದಿಕ್ಕಿನಲ್ಲಿತ್ತು, ಅಷ್ಟೇ. ಜಗಲಿಯ ಹತ್ತಿರ ಬರುವಾಗ ಅವಳ ಗಂಬೂಟು ಪಚಪಚ ಎಂದಿತು.

ಜಗಲಿಯ ಮೇಲ್ತುದಿಯಲ್ಲಿ, ಗೌರವದ ಜಾಗದಲ್ಲಿ, ಬಿಳಿಗಡ್ಡದ ತಾತ ಕೂತಿದ್ದ. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಗಲಾಟೆ ಏನೆಂದು ಅವನಿಗೆ ಹೊಳೆದಿರಲಿಲ್ಲ. ಊಟದ ಹತ್ತಿರ ಯಾರೋ ಹೆಂಗಸು ಕೆಮ್ಮುತ್ತಾ ನಡೆದು ಬಂದ ಸದ್ದು ಕಿವಿಗೆ ಬಿತ್ತು. ಆ ನಾಡಿನಲ್ಲಿ ಹುಟ್ಟಿದ ಯಾವ ಹಿರಿಯನೂ ಅಂಥ ಹೊತ್ತಿನಲ್ಲಿ ಯೋಚನೆ ಮಾಡಿ ಮಾತಾಡುವುದಿಲ್ಲ. ನಾಲಗೆಯೇ ಆಡುತ್ತದೆ.

“ಬಾ ತಾಯಿ, ಮೇಲಕ್ ಬಾ,” ಎಂದ ತಾತ. “ಅಲ್ಲೇ ಯಾಕೆ ನಿಂತೆ? ಮೇಲಕ್ ಬಾ, ನನ್ ಪಕ್ದಲ್ಲಿ ಕೂತ್ಕೊ.”

ಅಷ್ಟು ಜನರ ಮುಂದೆ, ಕ್ಯಾಮೆರಾದ ಮುಂದೆ, ಬಿಳಿಗಡ್ಡದವನ ಬಾಯಿಂದ ಬಂದ ಕರೆ. ಇನ್ನು ಯಾರ ಅಪ್ಪ ಬಂದರೂ ಅದನ್ನು ವಾಪಸು ತೆಗೆದುಕೊಳ್ಳುವಂತಿಲ್ಲ.

ಉರ್ಕಿಯಾ ನಿಂತಳು. ಕಾಪಾರನನ್ನು ನೋಡಿದಳು. ಮದಿಯಾರನನ್ನು ನೋಡಿದಳು, ಅವನು ಮಫ್ಲರು ಹುಡುಕುತ್ತಿದ್ದ. ಅವಳು ಗಂಬೂಟು ಬಿಚ್ಚಿದಳು. ಒಳಗೆ ತುಂಬಿದ್ದ ಹೊಲಸನ್ನು ಜಗಲಿಯ ಕೆಳಗೆ ಚೆಲ್ಲಿ, ಎರಡನ್ನೂ ಅತಿಥಿಗಳ ಪಾಲಿಶು ಬೂಟುಗಳ ಸಾಲಿನಲ್ಲಿ ಜೋಡಿಸಿಟ್ಟಳು. ಬರಿಗಾಲಲ್ಲಿ ಜಗಲಿ ಹತ್ತಿದಳು. ಕೂತವರ ಬೆನ್ನಿನ ಹಿಂದೆ, ಹೂವಿನ ಕಂಬಳಿಯ ಮೇಲೆ, ಹೆಜ್ಜೆ ಹೆಜ್ಜೆಗೂ ಗುರುತು ಬಿಡುತ್ತಾ ಮೇಲ್ತುದಿಗೆ ಹೋಗಿ ತಾತನ ಪಕ್ಕದಲ್ಲಿ ಕಾಲು ಮಡಿಚಿ ಕೂತಳು.

“ಚಿತ್ರ ತೆಗೀಬೇಡ್ರೋ,” ಎಂದು ಕಾಪಾರ್ ಗಂಟಲಲ್ಲೇ ಅಂದ.

ಜಾದಿರಾ ಕೈತೊಳೆಯುವ ತಂಬಿಗೆ, ಬೋಗುಣಿ ತಂದು ಉರ್ಕಿಯಾಳ ಮುಂದೆ ಬಗ್ಗಿದಳು. ಬಡಿಸುವವಳು ಹೊಸ ಅತಿಥಿಗೆ ಮಾಡಬೇಕಾದದ್ದು ಅದು. ಅವಳ ಕೋಟಿನ ತೋಳು ಮೇಲಕ್ಕೆ ಸರಿದು ಬಿರುಕು ಬಿಟ್ಟ ಕೈ ಎಲ್ಲರಿಗೂ ಕಾಣುತ್ತಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ.

“ನೀರ್ ಬ್ಯಾಡ ಕಣೆ,” ಎಂದಳು ಉರ್ಕಿಯಾ. “ಕೈ ಬೆಳಗ್ಗಿಂದ ನೀರಲ್ಲೇ ಅವೆ.”

ಮೇಜಿನ ನಡುವೆ ಒಂದೇ ಹರಿವಾಣ. ಸಾರಿನಲ್ಲಿ ಬೇಯಿಸಿದ ಅಗಲವಾದ ಹಿಟ್ಟಿನ ಹಾಳೆಗಳ ಮೇಲೆ ಮಾಂಸ, ಅದರ ಮೇಲೆ ಉಂಗುರ ಉಂಗುರವಾಗಿ ಕೊಯ್ದಿಟ್ಟ ಕಜಿ, ಕೊಬ್ಬು ಹೊಳೆಯುತ್ತಿತ್ತು. ಎಲ್ಲರೂ ಅದರಿಂದಲೇ, ಐದು ಬೆರಳಲ್ಲಿ, ತೆಗೆದು ತಿನ್ನುವುದು. ಉರ್ಕಿಯಾ ಬಗ್ಗಿ ಮೊಣಕೈವರೆಗೂ ಲದ್ದಿ ಮೆತ್ತಿದ ಬಲಗೈಯನ್ನು ಆ ಹರಿವಾಣದ ಮಧ್ಯಕ್ಕೆ ಇಳಿಸಿದಳು. ಬೆರಳುಗಳಿಂದ ಆ ಸಾರಿನೊಳಕ್ಕೆ ಕಂದು ನೀರು ಇಳಿದು ಹಿಟ್ಟಿನ ಹಾಳೆಗಳ ನಡುವೆ ಹರಡಿತು. ಕಜಿಯ ಒಂದು ಉಂಗುರ ಆರಿಸಿ, ಸುತ್ತಲಿನ ಕರುಳಿನ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಚೊಕ್ಕಾಗೈತೆ,” ಎಂದಳು. ಬಾಯಿಗಿಟ್ಟುಕೊಂಡು ಅಗಿದಳು. “ತಿನ್ನಿ, ಯಾಕ್ ನಿಲ್ಸುದ್ರಿ? ಇದೇ ಕೈ ತೊಳ್ದಿರೋದು. ಈವರ್ಗೂ ಚೆನ್ನಾಗಿತ್ತಲ್ಲ?”

ದುಡ್ಡಿನ ದನಿಯ ಖರೀದಿದಾರ ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿಕೊಂಡು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಮುಷ್ಟಿ ಕಟ್ಟಿ ಕೂತ. ಅವನ ಪಕ್ಕದವನು ವಾಕರಿಸಿ ಏಳಲು ಹೋಗಿ, ಪಕ್ಕದವರು ಮಂಡಿ ಅದುಮಿದ್ದರಿಂದ ಮತ್ತೆ ಕೂತ. ಹಿರಿಯನು ಕೈ ಚಾಚಿ ಊಟ ಮುಗಿದ ಹಾರೈಕೆ ಹೇಳುವವರೆಗೆ ಅಲ್ಲಿ ಯಾರೂ ಏಳುವಂತಿಲ್ಲ. ಒಬ್ಬ ಅತಿಥಿ ಇನ್ನೂ ಉಣ್ಣುತ್ತಿರುವಾಗ ಹಿರಿಯನು ಹಾರೈಕೆ ಹೇಳುವಂತಿಲ್ಲ.

ತಾತನ ಮೂಗಿಗೆ ಈಗ ಎ‌ಲ್ಲ ತಿಳಿದಿತ್ತು. ಗಡ್ಡ ಅಲುಗಿತು. ಹರಸುವುದಕ್ಕೆ ಅರ್ಧ ಎತ್ತಿದ ಅಂಗೈಗಳನ್ನು ಅವನು ಮತ್ತೆ ತೊಡೆಯ ಮೇಲೆ ಇಳಿಸಿದ.

“ತಾತ, ಹಾರೈಕೆ ಹೇಳಿ ಮುಗ್ಸಿ,” ಎಂದು ಕಾಪಾರ್ ಬೇಡಿಕೊಂಡ. “ಮುಗ್ಸಿ ಸ್ವಾಮಿ, ಕೈ ಮುಗೀತೀನಿ.”

ತಾತ ಪೊರೆಗಣ್ಣನ್ನು ಅವನ ದನಿ ಬಂದ ಕಡೆ ತಿರುಗಿಸಿದ. “ಆಯಮ್ಮ ಇನ್ನೂ ಉಣ್ತಾವ್ಳಲ್ಲ,” ಎಂದ.

ಜಾದಿರಾ ಚಹಾ ತಂದಿಟ್ಟಳು. ಉರ್ಕಿಯಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಗುಟುಕರಿಸಿದಳು. ಅವಳ ಕೆಳಗಿನ ಕೌದಿ ಒದ್ದೆಯಾಗಿ ಆ ಒದ್ದೆ ಪಕ್ಕದವರ ಪ್ಯಾಂಟಿನ ಕಡೆ ಹರಡುತ್ತಿತ್ತು. ಯಾರೂ ಅಲುಗಲಿಲ್ಲ. ಅವಳು ಬಟ್ಟಲು ಕೆಳಗಿಟ್ಟು, ತೋಳಿನಿಂದ ಬಾಯಿ ಒರೆಸಿಕೊಂಡು, ಹರಿವಾಣದಿಂದ ಇನ್ನೊಂದು ತುಂಡು ತೆಗೆದುಕೊಂಡಳು.